ಮೆಟಲ್ ಡಿಟೆಕ್ಟರಿನ ಕಾಯಿಲ್: ತೂಕ, ಸಮತೋಲನ ಮತ್ತು ನಮ್ಮ ಎರೆ ನೆಲ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಮೆಟಲ್ ಡಿಟೆಕ್ಟರಿಗೆ ಕೆಲಸ ಕಡಿಮೆಯೇನಿಲ್ಲ. ರಸ್ತೆಗೆ ಹೊಸದಾಗಿ ಡಾಂಬರು ಹಾಕುವಾಗ ಮುಚ್ಚಿಹೋದ ನೀರಿನ ವಾಲ್ವಿನ ಮುಚ್ಚಳ, ಹರಗುವಾಗ ಕುಂಟೆಯಿಂದ ಕಳಚಿ ಮಣ್ಣು ಸೇರಿದ ಕುಡ, ತೊಗರಿ ರಾಶಿಯ ಹೊತ್ತಿಗೆ ಕಿವಿಯಿಂದ ಜಾರಿಬಿದ್ದ ಬೆಂಡೋಲೆ, ಜಾತ್ರೆ ಉರುಸುಗಳಿಗೆ ಮುನ್ನ ಪೊಲೀಸರು ಶೋಧಿಸಬೇಕಾದ ಮೈದಾನ, ಇವೆಲ್ಲಕ್ಕೂ ಈ ಉಪಕರಣ ಬೇಕಾಗುತ್ತದೆ. ಆದರೆ ಕೊಳ್ಳುವಾಗ ಬಹುತೇಕರು ಕೇಳುವುದು ಎರಡೇ ಪ್ರಶ್ನೆ: ಎಷ್ಟು ಆಳದವರೆಗೆ ಕಂಡುಹಿಡಿಯುತ್ತದೆ, ಒಟ್ಟು ತೂಕ ಎಷ್ಟು. ಒಂದು ತಾಸು ಬೀಸಿದ ಮೇಲೆ ತೋಳಿನ ಪಾಡೇನು ಎಂಬುದನ್ನು ಈ ಎರಡು ಉತ್ತರಗಳಿಂದ ಅಂದಾಜು ಮಾಡಲಾಗದು. ಅದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕೋಲಿನ ತುದಿಯಲ್ಲಿದ್ದು ಲೋಹವನ್ನು ಪತ್ತೆಹಚ್ಚುವ, ತಟ್ಟೆಯಂತೆ ಕಾಣುವ ಕಾಯಿಲ್. ಅದರ ತೂಕವೆಷ್ಟು, ಆ ತೂಕ ಕೈಯಿಂದ ಎಷ್ಟು ದೂರದಲ್ಲಿದೆ, ಉಪಕರಣದ ಉಳಿದ ಭಾಗಗಳು ಅದನ್ನು ಎಷ್ಟರಮಟ್ಟಿಗೆ ಸರಿದೂಗಿಸುತ್ತವೆ ಎಂಬ ಮೂರೂ ಸಂಗತಿಗಳನ್ನು ಕೂಡಿಸಿ ನೋಡದೆ ಎರಡು ಕಾಯಿಲ್‌ಗಳನ್ನು ಹೋಲಿಸುವುದು ಸರಿಯಾಗುವುದಿಲ್ಲ.

ಮೊದಲು ಉಪಕರಣದ ರಚನೆಯನ್ನು ನೋಡೋಣ. ಸುಮಾರು ನಾಲ್ಕು ಅಡಿ ಉದ್ದದ ಕೋಲಿನ ಒಂದು ತುದಿಯಲ್ಲಿ ಕಾಯಿಲ್ ಇರುತ್ತದೆ, ಇನ್ನೊಂದು ತುದಿಯಲ್ಲಿ ಮೊಣಕೈ ಸಮೀಪದ ತೋಳನ್ನು ಕೂಡಿಸುವ ಆಸರೆ ಇರುತ್ತದೆ. ಆಸರೆಯಿಂದ ಸುಮಾರು ಒಂದು ಅಡಿ ಮುಂದೆ ಹಿಡಿಕೆ ಇರುತ್ತದೆ, ಅದರ ಹತ್ತಿರವೇ ವಿದ್ಯುನ್ಮಾನ ಭಾಗಗಳ ಪೆಟ್ಟಿಗೆ ಇರುತ್ತದೆ. ಬ್ಯಾಟರಿ ಕೆಲವದರಲ್ಲಿ ಆ ಪೆಟ್ಟಿಗೆಯೊಳಗೆ, ಕೆಲವದರಲ್ಲಿ ಮೊಣಕೈ ಕೆಳಗೆ ಕೂಡುತ್ತದೆ. ಇಡೀ ಉಪಕರಣವನ್ನು ಎತ್ತಿ ಹಿಡಿಯುವುದು ಹಿಡಿಕೆಯಲ್ಲಿರುವ ಅಂಗೈ. ಮುಂದಿನ ತೂಕದಿಂದ ಕಾಯಿಲ್ ನೆಲದತ್ತ ಬಾಗುತ್ತದೆ, ಹಿಂದಿನ ಆಸರೆ ಮೇಲಕ್ಕೆ ಏಳಲು ನೋಡುತ್ತದೆ, ಅದನ್ನು ಏಳದಂತೆ ಒತ್ತಿ ಹಿಡಿಯುವುದು ಮುಂದೋಳು. ತುಂಬಿದ ಕೊಡವನ್ನು ಸೊಂಟದ ಮೇಲೆ ಹೊತ್ತು ಬರುವವರು ಅದೇ ಕೊಡವನ್ನು ಚಾಚಿದ ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆಯೂ ನಡೆಯಲಾರರು. ಇಲ್ಲಿಯೂ ತೂಕದಷ್ಟೇ ದೂರವೂ ಲೆಕ್ಕಕ್ಕೆ ಬರುತ್ತದೆ.

ಲೆಕ್ಕ ಸರಳವಾಗಿದೆ. 500 ಗ್ರಾಂ ತೂಗುವ ಕಾಯಿಲ್ ಹಿಡಿಕೆಯಿಂದ ಅಡ್ಡಳತೆಯಲ್ಲಿ 90 ಸೆಂಟಿಮೀಟರ್ ಮುಂದಿದೆ, ತೋಳಿನ ಆಸರೆ ಹಿಡಿಕೆಯಿಂದ 30 ಸೆಂಟಿಮೀಟರ್ ಹಿಂದಿದೆ ಎಂದುಕೊಳ್ಳೋಣ. ಕಾಯಿಲ್ ಮೂರು ಪಟ್ಟು ದೂರದಲ್ಲಿರುವುದರಿಂದ ಅದನ್ನು ತಡೆಯಲು ಮುಂದೋಳು ಆಸರೆಯನ್ನು 1.5 ಕೆಜಿಯಷ್ಟು ಬಲದಿಂದ ಕೆಳಕ್ಕೆ ಒತ್ತಬೇಕು. ಅದೇ ಕೋಲಿಗೆ 800 ಗ್ರಾಂ ಕಾಯಿಲ್ ಹಾಕಿದರೆ ಆ ಒತ್ತಡ 2.4 ಕೆಜಿಗೆ ಏರುತ್ತದೆ. ಅಂಗೈ ಮೇಲೆ ಬೀಳುವ ಹೊರೆ ಎಂದರೆ ಉಪಕರಣದ ಒಟ್ಟು ತೂಕ ಮತ್ತು ಮುಂದೋಳಿನ ಈ ಒತ್ತಡ ಎರಡೂ ಸೇರಿದ್ದು. ಆದ್ದರಿಂದ ಕಾಯಿಲ್‌ನಲ್ಲಿ ಹೆಚ್ಚಿದ 300 ಗ್ರಾಂ ಅಂಗೈಗೆ 1.2 ಕೆಜಿಯಾಗಿ ತಗಲುತ್ತದೆ. ಪೆಟ್ಟಿಗೆಯ ಮೇಲೆ ಮುದ್ರಿಸಿದ ಒಟ್ಟು ತೂಕದಲ್ಲಿ ಮಾತ್ರ ಅದು ಬರೀ 300 ಗ್ರಾಂ ಆಗಿಯೇ ಕಾಣುತ್ತದೆ. ಹಿಡಿಕೆಯ ಹತ್ತಿರದ ಪೆಟ್ಟಿಗೆಯಲ್ಲಿ ಅಷ್ಟೇ ತೂಕ ಹೆಚ್ಚಿದ್ದರೆ ಅಂಗೈಗೆ 300 ಗ್ರಾಮಿಗಿಂತ ತುಸು ಮಾತ್ರ ಹೆಚ್ಚಾಗುತ್ತಿತ್ತು. ಒಟ್ಟು ತೂಕ ಸಮವಾಗಿರುವ ಎರಡು ಉಪಕರಣಗಳಲ್ಲಿ ಒಂದು ಹಗುರವೆಂದೂ ಇನ್ನೊಂದು ಭಾರವೆಂದೂ ಅನಿಸುವುದಕ್ಕೆ ಕಾರಣ ಇದೇ.

ಇದಕ್ಕೆ ತಯಾರಕರು ಹಿಂದಿನಿಂದಲೂ ಮಾಡುತ್ತ ಬಂದ ಉಪಾಯವೆಂದರೆ ಬ್ಯಾಟರಿಯನ್ನು ಮೊಣಕೈ ಕೆಳಗೆ ಸಾಗಿಸುವುದು. ಅಮೆರಿಕದ ಫಿಶರ್ ಕಂಪನಿಯ ಎಫ್-75 ಇದಕ್ಕೆ ಒಳ್ಳೆಯ ಉದಾಹರಣೆ. ಅದು ಅತಿ ಹಗುರವಾದ ಉಪಕರಣವಲ್ಲದಿದ್ದರೂ ಕೈಗೆ ಹಿತವೆಂದು ಹೆಸರು ಪಡೆದಿರುವುದು ತೂಕದ ಹಂಚಿಕೆಯಿಂದ. ಆದರೆ ಈ ಉಪಾಯದ ಮಿತಿಯನ್ನೂ ಲೆಕ್ಕವೇ ತೋರಿಸುತ್ತದೆ. ಮೇಲಿನ 800 ಗ್ರಾಂ ಕಾಯಿಲ್‌ಗೆ ಎದುರಾಗಿ ಆಸರೆಯ ಕೆಳಗೆ ಹೆಚ್ಚುವರಿಯಾಗಿ 300 ಗ್ರಾಂ ಬ್ಯಾಟರಿ ಇಟ್ಟರೆ ಮುಂದೋಳಿನ ಒತ್ತಡ 2.4ರಿಂದ 2.1 ಕೆಜಿಗೆ ಇಳಿಯುತ್ತದೆ, ಒಟ್ಟು ತೂಕ 300 ಗ್ರಾಂ ಏರುತ್ತದೆ, ಅಂಗೈ ಹೊರೆ ಇದ್ದಷ್ಟೇ ಉಳಿಯುತ್ತದೆ. ಮಣಿಕಟ್ಟಿಗೆ ಬಾಗಿಸುವ ಸೆಳೆತ ಕಡಿಮೆಯಾದ ಹಿತ ಸಿಗುತ್ತದೆ ನಿಜ, ಆದರೆ ಭುಜ ಹೊರುವ ತೂಕ ಹೆಚ್ಚುತ್ತದೆ. ಸೆಳೆತವನ್ನು ಪೂರ್ತಿ ಸರಿದೂಗಿಸಬೇಕಾದರೆ ಹಿಂದೆ 2.4 ಕೆಜಿ ತೂಗುಹಾಕಬೇಕು, ಹಾಗೆ ಯಾರೂ ಮಾಡಲಾರರು. ಮಾರುಕಟ್ಟೆಯಲ್ಲಿ ಸಿಗುವ ಅಥವಾ ಮನೆಯಲ್ಲಿ ಸೀಸದ ತುಂಡು ಕಟ್ಟಿ ಮಾಡಿಕೊಳ್ಳುವ ಎದುರುತೂಕಗಳ ಬಗ್ಗೆ ನನಗೆ ಹೆಚ್ಚಿನ ಒಲವಿಲ್ಲದಿರುವುದು ಈ ಕಾರಣಕ್ಕೆ. ಇದಕ್ಕಿಂತ ಉತ್ತಮವಾದ, ಖರ್ಚಿಲ್ಲದ ದಾರಿಯೆಂದರೆ ಕೋಲನ್ನು ಗಿಡ್ಡ ಮಾಡುವುದು. 90 ಸೆಂಟಿಮೀಟರ್ ಇದ್ದ ದೂರವನ್ನು 80ಕ್ಕೆ ಇಳಿಸಿದರೆ ಮುಂದೋಳಿನ ಒತ್ತಡ 2.4ರಿಂದ ಸುಮಾರು 2.13 ಕೆಜಿಗೆ ಇಳಿಯುತ್ತದೆ. 300 ಗ್ರಾಂ ಬ್ಯಾಟರಿ ಮಾಡಿದ ಕೆಲಸವನ್ನು ಒಂದು ಗ್ರಾಂ ಕೂಡಿಸದೆ ಇದು ಹೆಚ್ಚುಕಡಿಮೆ ಮಾಡಿಬಿಡುತ್ತದೆ. ಹೊಸಬರು ಕೋಲನ್ನು ಪೂರ್ತಿ ಎಳೆದು, ಕಾಯಿಲ್ ಅನ್ನು ದೂರ ಚಾಚಿ ನಡೆಯುವುದನ್ನು ಕಾಣುತ್ತೇವೆ. ಕಾಯಿಲ್ ಪಾದಕ್ಕೆ ತೀರ ಸಮೀಪ ಬಂದು ಬೂಟಿನ ತುದಿಯ ಕಬ್ಬಿಣಕ್ಕೆ ಸದ್ದು ಮಾಡದಷ್ಟು ಅಂತರವಿದ್ದರೆ ಸಾಕು.

ಇಲ್ಲಿಯವರೆಗೆ ಹೇಳಿದ್ದು ಉಪಕರಣವನ್ನು ಅಲುಗಾಡದಂತೆ ಹಿಡಿದು ನಿಂತಾಗಿನ ಹೊರೆ. ಹುಡುಕಾಟದಲ್ಲಿ ಕಾಯಿಲ್ ಎಡಕ್ಕೂ ಬಲಕ್ಕೂ ಬೀಸುತ್ತಲೇ ಇರುತ್ತದೆ. ಒಂದು ಬೀಸಿಗೆ ಎರಡು ಸೆಕೆಂಡ್ ಹಿಡಿದರೂ ತಾಸಿಗೆ 1,800 ಬೀಸುಗಳಾಗುತ್ತವೆ, ಪ್ರತಿ ಬೀಸಿನ ಕೊನೆಯಲ್ಲೂ ಕಾಯಿಲ್ ಅನ್ನು ನಿಲ್ಲಿಸಿ ಎದುರು ದಿಕ್ಕಿಗೆ ತಿರುಗಿಸಬೇಕು. ಈ ಕೆಲಸಕ್ಕೆ ಬೇಕಾದ ಬಲವು ತೂಕವನ್ನು ದೂರದ ವರ್ಗದಿಂದ ಗುಣಿಸಿದಷ್ಟಕ್ಕೆ ಅನುಗುಣವಾಗಿರುತ್ತದೆ. ಮೊಣಕೈಯನ್ನು ತಿರುಗುವ ಬಿಂದುವೆಂದು ಹಿಡಿದು, ಅಲ್ಲಿಂದ ಕಾಯಿಲ್‌ವರೆಗಿನ 120 ಸೆಂಟಿಮೀಟರನ್ನು 110ಕ್ಕೆ ಇಳಿಸಿದರೆ ಬೀಸಿನ ಹೊರೆ ಶೇ. 16ರಷ್ಟು ಇಳಿಯುತ್ತದೆ. ಮೊಣಕೈ ಕೆಳಗೆ ಕಟ್ಟಿದ ಬ್ಯಾಟರಿಯಾದರೋ ಈ ಹೊರೆಯನ್ನು ಎಳ್ಳಷ್ಟೂ ಇಳಿಸುವುದಿಲ್ಲ. ತೂಗಿ ನೋಡಿದಾಗ ತಕ್ಕಡಿಯಂತೆ ಸಮನಾಗಿ ನಿಲ್ಲುವ ಉಪಕರಣವೂ ತುದಿಯಲ್ಲಿ ಭಾರವಾದ ಕಾಯಿಲ್ ಇದ್ದರೆ ಬೀಸುವಾಗ ದಣಿಸುತ್ತದೆ. ಅಂಗಡಿಯಲ್ಲಿ ಎತ್ತಿ ಹಿಡಿದು ನೋಡಿ ಮೆಚ್ಚಿಕೊಂಡ ಉಪಕರಣ ಹೊಲದಲ್ಲಿ ಕೈಕೊಡುವುದು ಸಾಮಾನ್ಯವಾಗಿ ಇಲ್ಲಿಯೇ.

ಸ್ಥಿತಿಸ್ಥಾಪಕ ಹಗ್ಗವಿರುವ ಭುಜಪಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ. ಮೈನ್‌ಲ್ಯಾಬ್ ಕಂಪನಿಯ ಜಿಪಿಎಕ್ಸ್ 5000 ಎಂಬ, ಚಿನ್ನ ಹುಡುಕುವವರು ಬಳಸುವ ಉಪಕರಣ ಬ್ಯಾಟರಿಯನ್ನು ಬೆನ್ನಿಗೆ ಹಾಕಿಕೊಂಡ ಮೇಲೂ ಕೈಯಲ್ಲಿ 2.4 ಕೆಜಿ ಇರುತ್ತದೆ. ಅಂಥದ್ದನ್ನು ಹಗ್ಗದ ಸಹಾಯವಿಲ್ಲದೆ ದಿನವಿಡೀ ಬೀಸಲಾಗದು. ಹಗ್ಗ ತೂಕವನ್ನು ಭುಜ ಸೊಂಟಗಳಿಗೆ ವರ್ಗಾಯಿಸುತ್ತದೆ, ಆದರೆ ಬೀಸಿನ ಕೊನೆಯಲ್ಲಿ ಕಾಯಿಲ್ ಅನ್ನು ತಡೆದು ತಿರುಗಿಸುವ ಶ್ರಮ ತೋಳಿನದಾಗಿಯೇ ಉಳಿಯುತ್ತದೆ. 1942ರ ಎಲ್ ಅಲಮೈನ್ ಕದನದಲ್ಲಿ ನೆಲಬಾಂಬು ಹುಡುಕಲು ಬಳಸಿದ, ಪೋಲೆಂಡಿನ ಯೂಜೆಫ್ ಕೊಸಾಟ್ಸ್ಕಿ ರೂಪಿಸಿದ ಶೋಧಕ ಸುಮಾರು 14 ಕೆಜಿ ತೂಗುತ್ತಿತ್ತು. ಇಂದಿನ ಸಾಮಾನ್ಯ ಉಪಕರಣಗಳು ಒಂದರಿಂದ ಒಂದೂವರೆ ಕೆಜಿಯ ಆಸುಪಾಸಿನಲ್ಲಿವೆ: ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ತೂಗುವುದು 1.34 ಕೆಜಿ, ಗ್ಯಾರೆಟ್ ಎಟಿ ಪ್ರೊ 1.37 ಕೆಜಿ. ಫ್ರಾನ್ಸಿನ ಎಕ್ಸ್‌ಪಿ ಡಿಯಸ್ ಒಂದು ಕೆಜಿಯ ಹತ್ತಿರಕ್ಕೆ ಇಳಿದಿದೆ, ಕಾಯಿಲ್‌ನಲ್ಲಿಯೇ ಪುಟ್ಟ ಬ್ಯಾಟರಿ ಇಟ್ಟು, ತಂತಿಯನ್ನು ತೆಗೆದುಹಾಕಿದೆ. ತುದಿಯಲ್ಲಿ ಬ್ಯಾಟರಿ ಇಡುವುದು ಮೇಲೆ ಹೇಳಿದ ತತ್ತ್ವಕ್ಕೆ ವಿರುದ್ಧವೆನಿಸಬಹುದು, ಆದರೆ ಉಳಿದೆಲ್ಲವೂ ಹಗುರವಾಗಿರುವುದರಿಂದ ಅದು ಹೊಂದಿಕೊಂಡಿದೆ.

ಕಾಯಿಲ್ ದೊಡ್ಡದಾದಷ್ಟೂ ಆಳ ಹೆಚ್ಚು ಎಂಬ ನಂಬಿಕೆಯಿಂದಲೇ ಜನ ಭಾರವಾದ ಕಾಯಿಲ್‌ಗಳನ್ನು ತರಿಸಿಕೊಳ್ಳುವುದರಿಂದ ಆ ನಂಬಿಕೆಯನ್ನು ಸ್ವಲ್ಪ ಪರೀಕ್ಷಿಸಬೇಕು. ಕಾಯಿಲ್‌ನಿಂದ ಹೊರಟ ಕಾಂತಕ್ಷೇತ್ರವು ದೂರ ಹೋದಂತೆ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ, ಹೂತ ವಸ್ತುವಿನಿಂದ ಮರಳುವ ಸಂಕೇತವೂ ಹಾಗೆಯೇ ಕುಗ್ಗುತ್ತದೆ. ಎರಡೂ ಸೇರಿ, ವಸ್ತುವು ಕಾಯಿಲ್‌ನ ಅಗಲಕ್ಕಿಂತ ಸಾಕಷ್ಟು ಆಳದಲ್ಲಿರುವಾಗ, ಸಂಕೇತವು ದೂರದ ಆರನೇ ಘಾತಕ್ಕೆ ವಿಲೋಮವಾಗಿರುತ್ತದೆ. ಅಂದರೆ ಸಂಕೇತದ ಬಲವನ್ನು ಇಮ್ಮಡಿಗೊಳಿಸಿದರೂ ಆಳದಲ್ಲಿ ಸಿಗುವುದು ಶೇ. 12ರಷ್ಟು ಲಾಭ ಮಾತ್ರ. 30 ಸೆಂಟಿಮೀಟರ್ ಇದ್ದದ್ದು 33 ಅಥವಾ 34 ಆಗುತ್ತದೆ. ಇತ್ತ 11 ಇಂಚಿನ ಗಟ್ಟಿತಟ್ಟೆಯ (ನಡುವೆ ತೆರಪಿಲ್ಲದ) ಕಾಯಿಲ್ ಬದಲಿಗೆ 15 ಇಂಚಿನದನ್ನು ಹಾಕಿದರೆ ತಟ್ಟೆಯ ವಿಸ್ತೀರ್ಣ 1.86 ಪಟ್ಟಾಗುತ್ತದೆ, ತೂಕವೂ ಅದರೊಂದಿಗೆ ಏರುತ್ತದೆ. ದಣಿದ ತೋಳು ಬೀಸಿನ ಎರಡೂ ಕೊನೆಗಳಲ್ಲಿ ಕಾಯಿಲ್ ಅನ್ನು ತನಗರಿವಿಲ್ಲದೆ ನೆಲದಿಂದ ಐದಾರು ಸೆಂಟಿಮೀಟರ್ ಮೇಲೆತ್ತುತ್ತದೆ. ದೊಡ್ಡ ಕಾಯಿಲ್ ಕೊಟ್ಟ ಮೂರು ನಾಲ್ಕು ಸೆಂಟಿಮೀಟರ್ ಲಾಭ ಅಲ್ಲಿಯೇ ಹೋಗಿ, ಮೇಲೆ ನಷ್ಟವೂ ಆಗುತ್ತದೆ. ಬೆಂಡೋಲೆಯಂಥ ಸಣ್ಣ ವಸ್ತುವಿಗೆ ದೊಡ್ಡ ಕಾಯಿಲ್‌ನ ಸಂವೇದನೆಯೂ ಕಡಿಮೆ, ಒಂದರ ಪಕ್ಕ ಒಂದಿರುವ ಮೊಳೆ ಮತ್ತು ಓಲೆಯನ್ನು ಬೇರ್ಪಡಿಸುವ ಸಾಮರ್ಥ್ಯವೂ ಕಡಿಮೆ. ದೊಡ್ಡ ಕಾಯಿಲ್ ಸಾರ್ಥಕವಾಗುವುದು ಆಳದಲ್ಲಿರುವ ದೊಡ್ಡ ವಸ್ತುವಿಗೆ, ಇಲ್ಲವೆ ವಿಶಾಲ ಬಯಲನ್ನು ಬೇಗ ಮುಗಿಸಬೇಕಾದಾಗ.

ಹಾಗೆಂದು ತೂಕ ಕಳೆದಷ್ಟೂ ಒಳ್ಳೆಯದೆಂದು ತಿಳಿಯಬಾರದು. ತಟ್ಟೆಯೊಳಗೆ ತಾಮ್ರದ ತಂತಿಯ ಸುತ್ತುಗಳಿರುತ್ತವೆ, ಒಂದು ಸುತ್ತು ಕಾಂತಕ್ಷೇತ್ರವನ್ನು ಹೊರಡಿಸುತ್ತದೆ, ಇನ್ನೊಂದು ಮರಳುವ ಸಂಕೇತವನ್ನು ಹಿಡಿಯುತ್ತದೆ. ಹೊರಡಿಸುವ ಸುತ್ತಿನ ಬಲವಾದ ಕ್ಷೇತ್ರ ಹಿಡಿಯುವ ಸುತ್ತನ್ನು ನೇರವಾಗಿ ತಟ್ಟದಂತೆ ಎರಡನ್ನೂ ಅತಿ ನಿಖರವಾದ ಸ್ಥಾನದಲ್ಲಿ ಕೂಡಿಸಿರುತ್ತಾರೆ. ಆ ಸ್ಥಾನ ಕೂದಲೆಳೆಯಷ್ಟು ಸರಿದರೂ ಸುಳ್ಳು ಸದ್ದು ಹುಟ್ಟುತ್ತದೆ. ಸುತ್ತುಗಳನ್ನು ಅಲುಗದಂತೆ ಹಿಡಿಯಲು ಎಪಾಕ್ಸಿ ಅಂಟನ್ನು ಸುರಿಯುತ್ತಾರೆ, ಕಾಯಿಲ್‌ನ ತೂಕದ ದೊಡ್ಡ ಪಾಲು ಇದರದೇ. ಅಂಟನ್ನು ಉಳಿಸಿ, ತೆಳು ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಅಗ್ಗದ ಕಾಯಿಲ್ ಕೈಗೆ ಹಗುರವೆನಿಸಿದರೂ ಪೆಟ್ಟು ತಗಲಿದಾಗಲೆಲ್ಲ ಕೂಗುತ್ತದೆ.

ನಮ್ಮ ಕಡೆ ಪೆಟ್ಟು ತಗಲದ ಹೊಲವೇ ಕಡಿಮೆ. ತೊಗರಿ ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಕೂಳೆ ಗೇಣುದ್ದದ, ಓರೆಯಾಗಿ ಕತ್ತರಿಸಿದ, ಬೆರಳು ದಪ್ಪದ ಗಟ್ಟಿ ಕಡ್ಡಿ. ಸಾಲಿಗೆ ಅಡ್ಡಲಾಗಿ ಬೀಸಿದರೆ ಕಾಯಿಲ್‌ನ ಅಂಚು ಪ್ರತಿ ಸಾಲಿನಲ್ಲೂ ಅದಕ್ಕೆ ಬಡಿಯುತ್ತದೆ. ನಡುವೆ ತೆರಪುಗಳಿರುವ, ಗಾಲಿಯ ಅರೆಗಳಂಥ ರಚನೆಯ ಕಾಯಿಲ್ ಗಟ್ಟಿತಟ್ಟೆಗಿಂತ ಹಗುರ, ಗಾಳಿಯನ್ನೂ ನೀರನ್ನೂ ಸಲೀಸಾಗಿ ದಾಟಿಸುತ್ತದೆ. ಆದರೆ ಕೂಳೆಯ ತುದಿ ಅದರ ತೆರಪಿನಲ್ಲಿ ಸಿಕ್ಕಿಕೊಂಡಾಗ ಬೀಸು ಥಟ್ಟನೆ ನಿಂತು ಮಣಿಕಟ್ಟು ಉಳುಕುವಂತಾಗುತ್ತದೆ. ಕೂಳೆಯ ಹೊಲದಲ್ಲಿ ತುಸು ಭಾರವಾದರೂ ಗಟ್ಟಿತಟ್ಟೆಯ ಸಣ್ಣ ಕಾಯಿಲ್ ಲೇಸೆಂಬುದು ನನ್ನ ಅಭಿಪ್ರಾಯ, ಅದನ್ನೂ ಸಾಲಿನ ಗುಂಟ ಬೀಸಬೇಕು.

ಇನ್ನು ಮಣ್ಣು. ಬೀದರ್ ಜಿಲ್ಲೆ, ಆಳಂದ ಮತ್ತು ಕಲಬುರಗಿಯ ಉತ್ತರ ಭಾಗ ದಖ್ಖನ್ ಬಸಾಲ್ಟ್ ಶಿಲೆಯ ಮೇಲಿದೆ, ಆ ಶಿಲೆ ಸವೆದು ಆದದ್ದೇ ನಮ್ಮ ಎರೆಮಣ್ಣು. ಅದರಲ್ಲಿ ಅಯಸ್ಕಾಂತ ಗುಣದ ಕಬ್ಬಿಣದ ಆಕ್ಸೈಡ್ ಕಣಗಳಿರುವುದರಿಂದ ನೆಲವೇ ಒಂದು ಸಂಕೇತವನ್ನು ಕೊಡುತ್ತದೆ. ಬೀದರ್ ಪಟ್ಟಣ ಕುಳಿತಿರುವ ಪ್ರಸ್ಥಭೂಮಿಯ ಕೆಂಪು ಜಂಬಿಟ್ಟಿಗೆ, ಬಹಮನಿಗಳ ಕಾಲದಲ್ಲಿ ನೌಬಾದಿನ ಸುರಂಗ ಬಾವಿಯನ್ನು ಕೊರೆದ ಅದೇ ಕಲ್ಲು, ಕಬ್ಬಿಣದ ಅಂಶದಿಂದ ತುಂಬಿದೆ. ಸೇಡಂ, ಚಿತ್ತಾಪುರ, ಶಹಾಬಾದಿನ ಸುಣ್ಣಕಲ್ಲಿನಿಂದಲೇ ಆದ ನೆಲ ಇದಕ್ಕಿಂತ ಎಷ್ಟೋ ಶಾಂತ, ಆದರೆ ಹಲವೆಡೆ ಅದರ ಮೇಲೂ ಎರೆ ಹರಡಿಕೊಂಡಿರುತ್ತದೆ. ಶಹಾಪುರ, ಸುರಪುರಗಳ ಗ್ರಾನೈಟ್ ಗುಡ್ಡಗಳ ಸುತ್ತಿನ ಮಸಬು ನೆಲ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಕಬ್ಬಿಣ ಹೆಚ್ಚಿರುವ ನೆಲದಲ್ಲಿ ದೊಡ್ಡ ಕಾಯಿಲ್ ಒಮ್ಮೆಗೇ ಹೆಚ್ಚು ಮಣ್ಣನ್ನು ನೋಡುವುದರಿಂದ ಗದ್ದಲವನ್ನೂ ಹೆಚ್ಚು ಹೊತ್ತು ತರುತ್ತದೆ. ಅಂಥಲ್ಲಿ ಎರಡು ಸುತ್ತುಗಳು ನಡುವಿನಲ್ಲಿ ಒಂದರ ಮೇಲೊಂದು ಬರುವ ಡಬಲ್-ಡಿ ಮಾದರಿಯ ಕಾಯಿಲ್, ಒಂದರೊಳಗೊಂದು ಸುತ್ತಿರುವ ಕಾನ್ಸೆಂಟ್ರಿಕ್ ಮಾದರಿಗಿಂತ ಹೆಚ್ಚು ಸಮಾಧಾನದಿಂದ ಕೆಲಸ ಮಾಡುತ್ತದೆ. ತೋಳಿಗೆ ಹಿತವಾದ ಸಣ್ಣ ಕಾಯಿಲ್ ನಮ್ಮ ಮಣ್ಣಿಗೂ ಹಿತವಾಗಿರುವುದು ಈ ಭಾಗದವರ ಅದೃಷ್ಟವೆಂದೇ ಹೇಳಬೇಕು.

ಒಂದು ಮಳೆ ಬಿದ್ದು ಎರೆ ಹಸಿಯಾದರೆ ತೂಕದ ಲೆಕ್ಕವೆಲ್ಲ ಬದಲಾಗುತ್ತದೆ. ಕಾಲಿಗೆ ಅಂಟಿ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಆ ಮಣ್ಣು ಕಾಯಿಲ್‌ನ ತಳಕ್ಕೂ ಪದರಪದರವಾಗಿ ಅಂಟುತ್ತದೆ. 11 ಇಂಚಿನ ತಟ್ಟೆಯ ತಳದ ವಿಸ್ತೀರ್ಣ ಸುಮಾರು 610 ಚದರ ಸೆಂಟಿಮೀಟರ್. ಅದರ ಮೇಲೆ ಅರ್ಧ ಸೆಂಟಿಮೀಟರ್ ದಪ್ಪದ ಹಸಿ ಮಣ್ಣು ಕೂತರೆ ಅದರ ತೂಕವೇ ಅರ್ಧ ಕೆಜಿಯಾಗುತ್ತದೆ. ಕೊಳ್ಳುವಾಗ 50 ಗ್ರಾಂ ವ್ಯತ್ಯಾಸಕ್ಕೆ ತಲೆಕೆಡಿಸಿಕೊಂಡವರು ಹೊಲದಲ್ಲಿ ಕಾಯಿಲ್‌ನ ತೂಕವನ್ನು ಇಮ್ಮಡಿ ಮಾಡಿಕೊಂಡು ಬೀಸುತ್ತಿರುತ್ತಾರೆ. ತಳದ ಪ್ಲಾಸ್ಟಿಕ್ ಹೊದಿಕೆಯ ಒಳಗೂ ಮಣ್ಣು ಸೇರುತ್ತದೆ, ಒಣಗಿದ ಮೇಲೆ ಅದು ಹೊರಗೆ ಕಾಣುವುದೂ ಇಲ್ಲ, ಅದರೊಳಗಿನ ಕಬ್ಬಿಣದ ಕಣಗಳು ಸದ್ದನ್ನೂ ಕೆಡಿಸುತ್ತವೆ. ಹೊದಿಕೆಯನ್ನು ಬಿಚ್ಚಿ ತೊಳೆಯುವುದು ತೂಕ ಇಳಿಸುವ ಮೊದಲ ಕ್ರಮವಾಗಬೇಕು.

ಭೀಮಾ, ಮಾಂಜ್ರಾ ನದಿಗಳ ಆಳವಿಲ್ಲದ ನೀರಿನಲ್ಲಿ ಹುಡುಕುವವರಿಗೆ ಸಮಸ್ಯೆ ತಲೆಕೆಳಗಾಗುತ್ತದೆ: ಟೊಳ್ಳಾದ ಹಗುರ ಕಾಯಿಲ್ ತೇಲುತ್ತದೆ, ಅದನ್ನು ತಳಕ್ಕೆ ಒತ್ತಿ ಹಿಡಿಯುವುದೇ ಶ್ರಮವಾಗುತ್ತದೆ. ನೀರಿನ ಕೆಲಸಕ್ಕೆಂದೇ ಮಾಡಿದ ಕಾಯಿಲ್‌ಗಳು ಭಾರವಾಗಿರುವುದು ಈ ಕಾರಣಕ್ಕೆ, ಅದನ್ನು ದೋಷವೆಂದು ಎಣಿಸಬಾರದು.

ಕಾಯಿಲ್ ಕೋಲಿಗೆ ಕೂಡುವ ಜಾಗವನ್ನೂ ಗಮನಿಸಬೇಕು. ಕಿವಿಗಳಂತಿರುವ ಎರಡು ಹಿಡಿಗಳ ನಡುವೆ ಬೋಲ್ಟ್ ಹಾಕಿ ಕೋಲನ್ನು ಜೋಡಿಸುತ್ತಾರೆ. ಆ ಕಿವಿಗಳು ತಟ್ಟೆಯ ನಡುವಿಗಿಂತ ಹಿಂದಿದ್ದರೆ ಮುಂದಿನ ಅಂಚು ಕೆಳಕ್ಕೆ ಜೋಲುತ್ತದೆ, ಉದ್ದನೆಯ ಅಂಡಾಕಾರದ ಕಾಯಿಲ್‌ಗಳಲ್ಲಿ ಇದು ಹೆಚ್ಚು. ನಟ್ಟನ್ನು ಬಿಗಿ ಮಾಡುವುದಕ್ಕಿಂತ ರಬ್ಬರ್ ವಾಷರ್ ಬದಲಾಯಿಸುವುದು ಒಳ್ಳೆಯದು, ಅತಿ ಬಿಗಿದರೆ ಕಿವಿ ಸೀಳುತ್ತದೆ. ಮಿಕ್ಕ ತಂತಿಯನ್ನು ಕಾಯಿಲ್ ಹತ್ತಿರ ಸುತ್ತುವ ಬದಲು ಕೋಲಿನ ಮೇಲ್ಭಾಗದಲ್ಲಿ ಸುತ್ತಬೇಕು.

ಎರಡು ಕಾಯಿಲ್‌ಗಳನ್ನು ಮನೆಯಲ್ಲಿಯೇ ಹೋಲಿಸಲು ಸಾಮಾನು ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಸಾಕು. ಹಿಡಿಕೆಗೆ ಗಟ್ಟಿ ಹುರಿಯನ್ನು ಕಟ್ಟಿ ಉಪಕರಣವನ್ನು ಬಾಗಿಲ ಚೌಕಟ್ಟಿಗೆ ತೂಗುಬಿಡಬೇಕು. ಕೋಲು ಹೊಲದಲ್ಲಿ ಹಿಡಿಯುವಷ್ಟೇ ಉದ್ದ, ಅಷ್ಟೇ ಓರೆಯಲ್ಲಿರುವಂತೆ, ತೋಳಿನ ಆಸರೆಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ನೇರ ಕೆಳಕ್ಕೆ ಎಳೆಯಬೇಕು. ಕಾಯಿಲ್ ನೆಲದಿಂದ ಎದ್ದು ಓರೆ ಸರಿಯಾದಾಗ ತಕ್ಕಡಿ ತೋರಿಸುವ ಅಂಕಿಯೇ ಮುಂದೋಳು ಒತ್ತಬೇಕಾದ ಬಲ. ಕಾಯಿಲ್ ಬದಲಾಯಿಸಿ, ಉದ್ದ ಮತ್ತು ಓರೆಯನ್ನು ಹಾಗೆಯೇ ಇಟ್ಟು ಮತ್ತೊಮ್ಮೆ ತೂಗಬೇಕು. ಬೀಸಿನ ಹೊರೆಗೆ ಕಾಯಿಲ್ ಅನ್ನು ಬಿಚ್ಚಿ ಅಡುಗೆಮನೆಯ ತಕ್ಕಡಿಯಲ್ಲಿ ಹೊದಿಕೆ, ಬೋಲ್ಟ್ ಸಮೇತ ತೂಗಿ, ಮೊಣಕೈಯಿಂದ ಅದರವರೆಗಿನ ದೂರದ ವರ್ಗದಿಂದ ಗುಣಿಸಿದರಾಯಿತು. ಮೂರನೆಯದು ಒಟ್ಟು ತೂಕ. ಮಣಿಕಟ್ಟು ನೋಯುವವರು ಮೊದಲ ಅಂಕಿಯನ್ನೂ, ಮೊಣಕೈ ನೋಯುವವರು ಎರಡನೆಯದನ್ನೂ, ಭುಜದ ತೊಂದರೆ ಇರುವವರು ಮೂರನೆಯದನ್ನೂ ಮುಖ್ಯವಾಗಿ ನೋಡುವುದು ಒಳ್ಳೆಯದು.

ಈ ಜಿಲ್ಲೆಗಳಲ್ಲಿ ಡಿಟೆಕ್ಟರ್ ಕುರಿತು ಬರೆಯುವಾಗ ಒಂದು ಮಾತನ್ನು ಬಿಡುವಂತಿಲ್ಲ. ಸನ್ನತಿ, ಮಳಖೇಡ, ಬೀದರ್ ಕೋಟೆ, ಬಸವಕಲ್ಯಾಣದಂಥ ಸ್ಥಳಗಳಲ್ಲಿ ನಿಧಿಯ ಆಸೆಗೆ ನೆಲ ಅಗೆಯುವವರು ನಮ್ಮ ಚರಿತ್ರೆಯನ್ನೇ ಹಾಳುಮಾಡುತ್ತಾರೆ. ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ಅಶೋಕನ ಹೆಸರನ್ನು ಕೆತ್ತಿದ ಶಿಲ್ಪಕ್ಕೆ ಅಷ್ಟು ಮಹತ್ವ ಬಂದದ್ದು ಅದು ಸ್ತೂಪದ ಅವಶೇಷಗಳ ನಡುವೆಯೇ, ಪುರಾತತ್ತ್ವಜ್ಞರ ಕಣ್ಣೆದುರು ದೊರೆತದ್ದರಿಂದ. ಸಂರಕ್ಷಿತ ತಾಣಗಳಲ್ಲಿ ಪರವಾನಗಿ ಇಲ್ಲದೆ ಅಗೆಯುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಂತೆ ಅಪರಾಧ. ಮಣ್ಣಿನಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ನಿಯಮವೂ ಇದೆ. ಹೊಲದಲ್ಲಿ ಕುಡ ಹುಡುಕುವಾಗ ಹಳೆಯ ನಾಣ್ಯವೋ ವಿಗ್ರಹವೋ ಸಿಕ್ಕರೆ ಅಲ್ಲಿಗೆ ಅಗೆತ ನಿಲ್ಲಿಸಿ, ಸಿಕ್ಕ ಜಾಗವನ್ನು ಗುರುತು ಹಾಕಿ, ತಹಶೀಲ್ದಾರ ಕಚೇರಿಗೆ ತಿಳಿಸಬೇಕು.

ಕೊಳ್ಳಲಿರುವವರಿಗೆ ನನ್ನ ಸಲಹೆ ಕೆಲಸಕ್ಕೆ ತಕ್ಕಂತೆ ಬೇರೆಬೇರೆ. ವಾಲ್ವಿನ ಮುಚ್ಚಳ ದೊಡ್ಡ ಕಬ್ಬಿಣದ ವಸ್ತು, ಡಾಂಬರಿನಡಿ ಹೆಚ್ಚು ಆಳದಲ್ಲೂ ಇರುವುದಿಲ್ಲ. ಅದಕ್ಕೆ ಎಂಟೊಂಬತ್ತು ಇಂಚಿನ ಸಾಧಾರಣ ಕಾಯಿಲ್ ಸಾಕು, ಬೀದಿಯುದ್ದಕ್ಕೂ ಬೀಸುವವರಿಗೆ ಹಗುರವಾಗಿರುವುದೇ ಮುಖ್ಯ. ಹೊಲದಲ್ಲಿ ಕುಡ, ಪಿನ್ನು ಹುಡುಕಲೂ ಇದೇ ಅಳತೆಯ ಡಬಲ್-ಡಿ ಕಾಯಿಲ್ ಹೊಂದುತ್ತದೆ. ಓಲೆ, ಮೂಗುಬೊಟ್ಟಿನಂಥ ಸಣ್ಣ ಒಡವೆಗೆ ಆರು ಇಂಚಿನದು ಬೇಕು, ತಾಳ್ಮೆಯಿಂದ ಒಂದರ ಮೇಲೊಂದು ಬರುವಂತೆ ಬೀಸಬೇಕು. ದೊಡ್ಡ ಮೈದಾನವನ್ನು ಸರದಿಯಂತೆ ಶೋಧಿಸುವ ತಂಡಗಳು ಹನ್ನೊಂದು ಇಂಚಿಗಿಂತ ದೊಡ್ಡದನ್ನು ಬಳಸುವುದಾದರೆ ಭುಜಪಟ್ಟಿಯ ಜೊತೆಗೆ ಅರ್ಧ ತಾಸಿಗೊಮ್ಮೆ ಆಳು ಬದಲಾಯಿಸುವ ಏರ್ಪಾಡನ್ನೂ ಮಾಡಿಕೊಳ್ಳಬೇಕು, ಏಕೆಂದರೆ ಪಟ್ಟಿ ಹೊರಲಾರದ ಬೀಸಿನ ಹೊರೆಗೆ ವಿಶ್ರಾಂತಿಯ ಹೊರತು ಬೇರೆ ಪರಿಹಾರವಿಲ್ಲ.